ನಡುಗಡ್ಡೆಯ ಚಿತ್ರಪುಸ್ತಕ: ಎರಡನೆಯದಕ್ಕೆ ಕೈಹಾಕಲೇ?

ರಾಯಚೂರಿನವಳು ನಾನು. ಮನೆಯ ಮುಂದಿನ ಕೋಣೆಯೇ ನಮ್ಮ ಪ್ರಕಾಶನ. ಕೃಷ್ಣಾ ನದಿಯ ನಡುಗಡ್ಡೆಗಳ ಬದುಕಿನ ಬಗ್ಗೆ ಮಕ್ಕಳ ಚಿತ್ರಪುಸ್ತಕ ಮಾಡುತ್ತೇನೆ. ಮೊದಲನೆಯದರಲ್ಲಿ ಹುಡುಗಿಯೊಬ್ಬಳು ತೆಪ್ಪದಲ್ಲಿ ಶಾಲೆಗೆ ಹೋಗುತ್ತಾಳೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಅದೂ ಬಂದ್. 500 ಪ್ರತಿ ಮಾಡಿಸಿದೆ. ಕತ್ತರಿಸುವುದಕ್ಕೆಂದು ಚಿತ್ರದ ಅಂಚಿಗೆ 3 ಮಿ.ಮೀ. ಜಾಸ್ತಿ ಬಿಡಬೇಕಂತೆ, ನನಗೆ ಗೊತ್ತಿರಲಿಲ್ಲ. ಪ್ರೆಸ್ಸಿನವರೂ ಹೇಳಲಿಲ್ಲ. ತೆಪ್ಪದ ಅಂಚೇ ಮಾಯ! 300 ಪ್ರತಿ ಇನ್ನೂ ಮಂಚದ ಕೆಳಗಿವೆ. ಈಗ ಎರಡನೆಯದು, 18 ಪುಟ. ಎಷ್ಟು ಪ್ರತಿ ಮಾಡಿಸಲಿ?

ಉತ್ತರ 1:
18 ಬೇಡ ಅಕ್ಕಾ. ಪಿನ್ ಹೊಡೆಯುವ ಪುಸ್ತಕದ ಪುಟಗಳು 4ರ ಲೆಕ್ಕದಲ್ಲೇ ಬರಬೇಕು. 16 ಮಾಡಿ. ಮೊದಲು 100 ಪ್ರತಿ ಡಿಜಿಟಲ್ ಪ್ರಿಂಟ್ ತೆಗೆಸಿ. ಒಂದೊಂದಕ್ಕೆ ದುಡ್ಡು ಜಾಸ್ತಿ, ಆದರೆ ಮಂಚದ ಕೆಳಗೆ ಜಾಗ ಉಳಿಯುತ್ತದೆ ಅಲ್ವಾ? ಐಎಸ್‌ಬಿಎನ್‌ಗೆ ಅಂದರೆ ಪುಸ್ತಕದ ಗುರುತಿನ ನಂಬರಿಗೆ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಸರ್ಕಾರದ ರಾಜಾರಾಮ್ ಮೋಹನ್ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ.

ಉತ್ತರ 2:
ಲಿಂಗಸುಗೂರು ಕಡೆಯ ಮೇಷ್ಟ್ರು ನಾನು. ‘ದ್ವೀಪ’ ಅಂತ ಬರೆದಿದ್ದರೆ ತೆಗೆಯಿರಿ ತಾಯಿ, ನಮ್ಮ ಮಕ್ಕಳು ‘ಗಡ್ಡಿ’ ಅಂತಾರೆ. ಅಂಚು ಹೋದ ಪುಸ್ತಕ 20 ಕಳಿಸಿ. ಉಳಿದ ತೆಪ್ಪ ಮಕ್ಕಳೇ ಬರೆಯುತ್ತಾರೆ.

ಪ್ರಶ್ನೆ ಕೇಳಿದವಳು:
ಸರ್, ಶನಿವಾರದ ಬಸ್ಸಿಗೆ ಹಾಕುತ್ತೇನೆ. ‘ದ್ವೀಪ’ ಆರು ಕಡೆ ಇದೆ!