ದಡಾರದ ಎರಡನೇ ಡೋಸ್ ಬೇಕೇ ಬೇಕಾ?

ಅರ್ಧಕಪ್ ಕಾಫಿ: ಮಗನಿಗೆ ಒಂದೂವರೆ ವರ್ಷ. ಒಂಬತ್ತು ತಿಂಗಳಿಗೆ ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ್ದೆವು. ಒಂದು ವಾರ ಕಳೆದ ಮೇಲೆ ಜ್ವರ, ಮೈಮೇಲೆ ಸಣ್ಣ ಗುಳ್ಳೆ. ಈಗ ಆಶಾ ಕಾರ್ಯಕರ್ತೆ ಎರಡನೇ ಡೋಸ್‌ಗೆ ಕರೆಯುತ್ತಿದ್ದಾರೆ. "ದಡಾರ ಎಲ್ಲಾ ಮಕ್ಕಳಿಗೂ ಬಂದು ಹೋಗೋದೇ, ಸುಮ್ನೆ ಯಾಕೆ ಚುಚ್ಚಿಸ್ತೀರಿ" ಅಂತಾರೆ ಅತ್ತೆ. ಏನು ಮಾಡಲಿ?

ಬಯಲುಸೀಮೆಯವ: ಅತ್ತೆ ಹೇಳಿದ್ದೇ ಸರಿ. ನಮ್ಮ ಮನೆಯಲ್ಲಿ ನಾಲ್ವರಿಗೂ ಬಂದಿತ್ತು. ಬೇವಿನ ಸೊಪ್ಪು ಹಾಸಿ ಮಲಗಿಸಿದರು, ಎದ್ದು ಓಡಾಡಿದೆವು.

ಗೋಡಂಬಿ: ನಮ್ಮಜ್ಜಿ ಹೆತ್ತದ್ದು ಒಂಬತ್ತು. ಮಕ್ಕಳೆಷ್ಟು ಅಂತ ಕೇಳಿದರೆ ಆರು ಅಂತಿದ್ದರು. ಉಳಿದ ಮೂರರಲ್ಲಿ ಎರಡು ದಡಾರಕ್ಕೇ ಹೋದವು.

ನರ್ಸಕ್ಕ: ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದಕ್ಕೇ ಜ್ವರ ಅದೇ ದಿನ ಬರದೆ ವಾರ, ಹತ್ತು ದಿನ ಬಿಟ್ಟು ಬರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಒಂಬತ್ತು ತಿಂಗಳಲ್ಲಿ ತಾಯಿಯಿಂದ ಬಂದ ರಕ್ಷಣೆ ಕೆಲವು ಮಕ್ಕಳಲ್ಲಿ ಇನ್ನೂ ಇರುತ್ತದೆ, ಅದು ಲಸಿಕೆಗೇ ಅಡ್ಡ ಬರುತ್ತದೆ. 100 ಮಕ್ಕಳಲ್ಲಿ ಸುಮಾರು 15ಕ್ಕೆ ಮೊದಲ ಡೋಸ್ ಹತ್ತುವುದಿಲ್ಲ. ಯಾವ ಮಗುವಿಗೆ ಹತ್ತಿಲ್ಲ ಅಂತ ನೋಡಿ ಹೇಳಲಾಗದು. ಅದಕ್ಕೇ 16ರಿಂದ 24 ತಿಂಗಳೊಳಗೆ ಎಲ್ಲರಿಗೂ ಎರಡನೆಯದು.

ಬಯಲುಸೀಮೆಯವ: ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓದಿದ್ದೆ. ಅದು?

ಗೋಡಂಬಿ: ಇನ್ನೂ ಓಡಾಡ್ತಿದೆಯಾ ಅದು! 1998ರಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳನ್ನಿಟ್ಟುಕೊಂಡು ಬರೆದದ್ದು. 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಆ ಲೇಖನವನ್ನೇ ವಾಪಸ್ ತೆಗೆದುಕೊಂಡಿತು. ಆ ವರ್ಷವೇ ಅವರ ವೈದ್ಯ ನೋಂದಣಿಯೂ ಹೋಯಿತು. ಆಮೇಲೆ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳ ದಾಖಲೆ ನೋಡಿದರು, ನಂಟು ಸಿಗಲಿಲ್ಲ.

ಬಯಲುಸೀಮೆಯವ: ಅದು ಬಿಡಿ. ನನ್ನ ಮಗು, ಹಾಕಿಸೋದು ಬಿಡೋದು ನನ್ನಿಷ್ಟ ಅಲ್ವಾ?

ನರ್ಸಕ್ಕ: ದಡಾರ ನಿಮ್ಮ ಇಷ್ಟ ಕೇಳುವುದಿಲ್ಲವಲ್ಲ. ದಡಾರವಾದ ಮಗು ಕೋಣೆಯಿಂದ ಹೊರಟ ಮೇಲೂ ಎರಡು ಗಂಟೆ ವೈರಸ್ ಗಾಳಿಯಲ್ಲಿರಬಹುದು. ಒಂಬತ್ತು ತಿಂಗಳು ತುಂಬದ ಕೂಸಿಗೆ ಇನ್ನೂ ಲಸಿಕೆ ಆಗಿರುವುದಿಲ್ಲ. ಸುತ್ತಲಿನ 100ರಲ್ಲಿ 95 ಮಂದಿಗಾದರೂ ರಕ್ಷಣೆ ಇದ್ದರೆ ಆ ಕೂಸು ಬಚಾವ್.

ಬಯಲುಸೀಮೆಯವ: ನಮ್ಮ ಕಾಲಕ್ಕೆ ಇಷ್ಟೆಲ್ಲಾ ಇರಲಿಲ್ಲ, ಅಷ್ಟೇ ನಾನು ಹೇಳಿದ್ದು.

ಅರ್ಧಕಪ್ ಕಾಫಿ: ನಾದಿನಿ ಬಾಣಂತನಕ್ಕೆ ಇಲ್ಲೇ ಬಂದಿದ್ದಾಳೆ, ಕೂಸಿಗೆ ಎರಡು ತಿಂಗಳು. ನರ್ಸಕ್ಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಾಯಿ ಕಾರ್ಡ್ ಎಲ್ಲಿಟ್ಟಿದ್ದೀಯ ಅಂದರು. ರೇಷನ್ ಕಾರ್ಡ್ ಜೊತೆ ಇರಬೇಕು, ಹುಡುಕುತ್ತಿದ್ದೇನೆ.