ಎಡಗೈಯವನಿಗೆ ಹೆಬ್ಬಾತು ಬೇಟೆಗೆ ಯಾವ ಪಂಪ್ ಕೋವಿ?

ಸಸ್ಕಟೂನ್_ಎಡಚ:
ಎಲ್ಲರಿಗೂ ನಮಸ್ಕಾರ. ಸೇಫ್ಟಿ ಕೋರ್ಸ್ ಮುಗಿಸಿ ಈ ವರ್ಷ ಪಿಎಎಲ್ (ಕೆನಡಾದಲ್ಲಿ ಕೋವಿ ಇಟ್ಟುಕೊಳ್ಳಲು ಬೇಕಾದ) ಲೈಸೆನ್ಸ್ ಪಡೆದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ರೈತರ ಮನೆಯವರು. ಕಟಾವಾದ ಅವರ ಬಟಾಣಿ ಹೊಲಕ್ಕೆ ಬೆಳಗಿನ ಹೊತ್ತು ಕೆನಡಾ ಹೆಬ್ಬಾತು, ಹಿಮ ಹೆಬ್ಬಾತು ಎರಡೂ ಇಳಿಯುತ್ತವಂತೆ, ಬಾ ಎಂದು ಕರೆದಿದ್ದಾರೆ. ನನ್ನ ಊರು ಸಕಲೇಶಪುರದ ಕಡೆ. ಅಜ್ಜನ ಜೋಡಿ ನಳಿಗೆ ಕೋವಿಯನ್ನು ಒರೆಸಿ ಎಣ್ಣೆ ಹಾಕಿದ್ದೇನೆಯೇ ಹೊರತು ಒಂದು ಈಡೂ ಹೊಡೆದವನಲ್ಲ. ಸೆಮಿ ಆಟೋಮ್ಯಾಟಿಕ್ ನನ್ನ ಕೈಗೆ ಎಟುಕುವುದಿಲ್ಲ, ಪ್ರತಿ ಈಡಿಗೂ ಕೈಯಿಂದ ಹಿಂದೆ ಮುಂದೆ ಎಳೆದು ತೋಟೆ ಏರಿಸುವ ಪಂಪ್ ಸಾಕು. ರೆಮಿಂಗ್ಟನ್ 870, ಮಾಸ್‌ಬರ್ಗ್ 500, ಮಾಸ್‌ಬರ್ಗ್ 835, ಬೆನೆಲ್ಲಿ ನೋವಾ, ಈ ನಾಲ್ಕರಲ್ಲಿ ಯಾವುದು ಎಂದು ತೀರ್ಮಾನಕ್ಕೆ ಬರಲಾಗುತ್ತಿಲ್ಲ. ನಾನು ಎಡಗೈಯವನು. ಮೂರೂವರೆ ಇಂಚಿನ ತೋಟೆ ಹಿಡಿಸುವ ಕೋವಿಯೇ ಬೇಕಾ, ಮೂರಿಂಚಿನದು ಸಾಕಾ?

ಪ್ರೇರಿ_ಗೌಡ:
ಎರಡನೇ ಯೋಚನೆ ಬೇಡ, ಮೂರೂವರೆ ತಗೊಳ್ಳಿ. ಕೆನಡಾದಲ್ಲಿ 1999ರಿಂದ ನೀರುಹಕ್ಕಿಗಳಿಗೆ ಸೀಸದ ಚರೆ ಹೊಡೆಯುವಂತಿಲ್ಲ. ಕೆರೆಯ ತಳದಲ್ಲಿ ಬಿದ್ದ ಚರೆಯನ್ನು ಬಾತುಗಳು ಕಲ್ಲುಹರಳಿನ ಜೊತೆ ನುಂಗಿ ಸಾಯುತ್ತಿದ್ದವು, ಅದಕ್ಕೇ ಈ ನಿಷೇಧ. ಹಾಗಾಗಿ ಹೆಚ್ಚಿನವರು ಉಕ್ಕಿನ ಚರೆಯನ್ನೇ ಹೊಡೆಯುತ್ತಾರೆ. ಸೀಸದ ಸಾಂದ್ರತೆ 11.3, ಉಕ್ಕಿನದು 7.8ರ ಆಸುಪಾಸು. ಹಗುರವಾದ್ದರಿಂದ ದೂರ ಹೋದಂತೆ ಬೇಗ ಸೊರಗುತ್ತದೆ. ಆ ಕೊರತೆ ತುಂಬಲೆಂದೇ 1988ರಲ್ಲಿ ಮೂರೂವರೆ ಇಂಚಿನ ತೋಟೆ ಬಂತು, ಅದಕ್ಕಾಗಿ 835 ಬಂತು. ಅದರ ನಳಿಗೆಯ ಒಳಗಿನ ಅಗಲ ಸಾಮಾನ್ಯ 12 ಬೋರಿಗಿಂತ ಹೆಚ್ಚು, ಹೆಚ್ಚುಕಮ್ಮಿ 10 ಬೋರಿನಷ್ಟಿದೆ. ಮೂರೂವರೆ ಕೋವಿಯಲ್ಲಿ ಮೂರಿಂಚಿನ ತೋಟೆಯನ್ನೂ ಹಾಕಬಹುದು. ಉಲ್ಟಾ ಆಗಲ್ಲ.

ಕಾಫಿತೋಟ_ಕೋವಿ:
ಗೌಡ್ರೇ, ನಿಮ್ಮ ಲೆಕ್ಕ ಸರಿ. ಆದರೆ ಕೇಳುತ್ತಿರುವವನು ಈವರೆಗೆ ಒಂದು ಈಡೂ ಹೊಡೆದಿಲ್ಲ. ಮೂರಿಂಚಿನ ತೋಟೆಯಲ್ಲಿ ಸುಮಾರು 35 ಗ್ರಾಂ ಚರೆ ಇರುತ್ತದೆ, ಬಿಬಿ ಎಂಬ ದಪ್ಪ ಗಾತ್ರದ್ದಾದರೆ 90 ಕಾಳು. ಮೂರೂವರೆಯಲ್ಲಿ 42 ಗ್ರಾಂ, ಸುಮಾರು 108. ಹದಿನೆಂಟು ಕಾಳಿಗಾಗಿ ಅವನು ಹೆಗಲಿಗೆ ತಿನ್ನುವ ಒದೆತ ಎಷ್ಟು ಅಂತ ನಿಮಗೂ ಗೊತ್ತು. ಬಯಲಲ್ಲಿ ಬ್ಲೈಂಡಿನೊಳಗೆ (ಹಕ್ಕಿಗೆ ಕಾಣದಂತೆ ಅಡಗುವ ಮರೆ) ಅಂಗಾತ ಮಲಗಿದ್ದು, ಹಕ್ಕಿ ಬಂದಾಗ ಅರ್ಧ ಎದ್ದು ಕೂತು ಹೊಡೆಯಬೇಕು. ಮೈ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ನಾಲ್ಕು ಈಡು ಆಗುವಷ್ಟರಲ್ಲಿ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಹತ್ತುತ್ತದೆ. ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್‌ಪೋಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಹುಡುಗರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ಹತ್ತಿದ ಆ ಬೆದರು ಬಿಡಿಸಲು ವರ್ಷ ಬೇಕು.

ತಮ್ಮಾ, ನೀನು ಎಡಗೈಯವನು ಅಂದೆಯಲ್ಲ, ನನಗೆ ಅದೇ ಮೊದಲ ವಿಷಯ. 870ರ ಸೇಫ್ಟಿ (ಅಕಸ್ಮಾತ್ ಈಡು ಹಾರದಂತೆ ತಡೆಯುವ ಗುಂಡಿ) ಕುದುರೆಯ ಹಿಂದೆ ಅಡ್ಡಲಾಗಿದೆ, ಬಲಗೈಯ ತೋರುಬೆರಳಿಗೆ ಹೊಂದುವಂತೆ. ಮಾಸ್‌ಬರ್ಗಿನ ಸೇಫ್ಟಿ ಕೋವಿಯ ಬೆನ್ನ ಮೇಲೆ, ಹೆಬ್ಬೆರಳಿನ ಕೆಳಗೇ ಕೂರುತ್ತದೆ. ಯಾವ ಕೈಯಾದರೂ ಒಂದೇ. ಖಾಲಿ ತೋಟೆ ಬಲಕ್ಕೆ, ನಿನ್ನ ಮುಖದ ಮುಂದೆ ಹಾರುತ್ತದೆ. ಅದು ಅಭ್ಯಾಸವಾಗುತ್ತದೆ. ಅದೂ ಬೇಡವೆಂದರೆ ತೋಟೆಯನ್ನು ಕೆಳಕ್ಕೆ ಉದುರಿಸುವ ಬ್ರೌನಿಂಗ್ ಬಿಪಿಎಸ್ ಹಳೆಯದು ಸಿಗುತ್ತದಾ ನೋಡು. ಅದರ ಸೇಫ್ಟಿಯೂ ಬೆನ್ನ ಮೇಲೇ ಇದೆ.

ಡಕೋಟಾ_ಬಯಲು:
ನೋವಾ ಪರವಾಗಿ ಯಾರೂ ಮಾತಾಡಿಲ್ಲ, ನಾನು ಮಾತಾಡುತ್ತೇನೆ. ಉಕ್ಕಿನ ಚೌಕಟ್ಟಿನ ಮೇಲೆ ಪಾಲಿಮರ್ ಎರಕ, ಬಟ್ಟು (ಹೆಗಲಿಗೆ ಒತ್ತುವ ಹಿಂಭಾಗ) ಮತ್ತು ರಿಸೀವರ್ (ನಳಿಗೆ ಸೇರುವ ನಡುಭಾಗ) ಒಂದೇ ತುಂಡು. ಕೆಸರು, ಮಂಜು, ನೆನೆದ ಹುಲ್ಲು ಯಾವುದಕ್ಕೂ ಜಗ್ಗುವುದಿಲ್ಲ. ನನ್ನ ಮೊದಲ ಕೋವಿ, ಕಂಪನಿ ಯಾವುದೆಂದು ಹೇಳಲ್ಲ, ಒದ್ದೆಯಾದ ದಿನ ಒರೆಸದೆ ಚೀಲದಲ್ಲಿಟ್ಟದ್ದಕ್ಕೆ ಮಾರನೆಯ ದಿನ ನಳಿಗೆಯ ತುಂಬ ಕಂದು ಚುಕ್ಕೆ. ಹೊಸಬರಿಗೆ ಇದೂ ಮುಖ್ಯ. ನೋವಾ ಸುಮಾರು 3.6 ಕಿಲೋ ತೂಗುತ್ತದೆ, ಆ ಭಾರವೇ ಒದೆತವನ್ನು ಒಂದಿಷ್ಟು ನುಂಗುತ್ತದೆ. ಮಾಸ್‌ಬರ್ಗ್ 500ರ ರಿಸೀವರ್ ಅಲ್ಯೂಮಿನಿಯಂ. ಹೊರಲು ಸುಖ, ಹೊಡೆಯುವಾಗ ಅಷ್ಟು ಸುಖವಲ್ಲ.

ಪ್ರೇರಿ_ಗೌಡ:
ಒದೆತದ ಮಾತು ಒಪ್ಪಿದೆ. ಆದರೆ ನಮ್ಮ ಬಯಲಲ್ಲಿ ಗಾಳಿ ಬೀಸಿದ ದಿನ ಹಕ್ಕಿ ಹತ್ತಿರ ಇಳಿಯುವುದಿಲ್ಲ. ಐವತ್ತು, ಐವತ್ತೈದು ಗಜದಲ್ಲೇ ಸುತ್ತು ಹಾಕುತ್ತವೆ. ಆಗ ಏನು ಮಾಡೋದು?

ಕಾಫಿತೋಟ_ಕೋವಿ:
ಹೊಡೆಯದೆ ಇರೋದು.

ಮಾಗಡಿ_ಕೆರೆ:
ನಾ ಬೇಟೆ ಆಡಾವ ಅಲ್ರಿ. ನಮ್ಮೂರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರಿ ಪಕ್ಕ. ಚಳಿಗಾಲಕ್ಕ ಪಟ್ಟೆತಲಿ ಹೆಬ್ಬಾತು ಹಿಮಾಲಯ ದಾಟಿ ನಮ್ಮ ಕೆರಿಗೆ ಬರ್ತಾವ. ಸಂಜಿಕ್ಕ ಅವು ಸಾಲು ಕಟ್ಟಿ ಹೊಲಕ್ಕ ಹೊಂಟ್ರ ನಮ್ಮವ್ವ ಒಲಿ ಬಿಟ್ಟು ಅಂಗಳಕ್ಕ ಬರ್ತಿದ್ಳು. 2024ರಾಗ ಕೆರಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರೇತಿ. ನಮ್ಮ ದೇಶದಾಗ 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಐತಿ, ಅಲ್ಲಿ ನಿಮ್ಮ ಕಾನೂನು ಬ್ಯಾರೆ, ಅದು ನನಗ ತಿಳೀತೈತಿ. ಆದ್ರ ಐವತ್ತೈದು ಗಜ ಅನ್ನೋದು ಓದಿ ಸುಮ್ನಿರಾಕ ಆಗ್ಲಿಲ್ಲ. ಹೊಟ್ಟಿಯೊಳಗ ಎರಡು ಚರೆ ಹೊತ್ತು ಹಾರಿಹೋದ ಹಕ್ಕಿ ಎಲ್ಲಿ ಬಿದ್ದು ಸಾಯತೈತಿ? ಅದನ್ನ ಯಾರು ಲೆಕ್ಕ ಹಿಡೀತಾರ?

ಕಾಫಿತೋಟ_ಕೋವಿ:
ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಹಿಮ ಹೆಬ್ಬಾತುಗಳು ಮಿತಿಮೀರಿ, ಹಡ್ಸನ್ ಕೊಲ್ಲಿಯ ಜೌಗು ನೆಲದ ಗಿಡಗಳನ್ನು ಬೇರುಸಹಿತ ಕಿತ್ತು ಬರಡು ಮಾಡಿವೆ. 1999ರಿಂದ ವಸಂತದಲ್ಲೂ ಅವನ್ನು ಬೇಟೆಯಾಡಲು ಬಿಟ್ಟಿರುವುದು ಅದಕ್ಕೇ. ಬೇಟೆಗೆ ಇಲ್ಲಿ ಕಾರಣವಿದೆ. ಗಾಯ ಮಾಡಿ ಬಿಡುವುದಕ್ಕೆ ಕಾರಣವಿಲ್ಲ. ಕಾನೂನೂ ಬಿದ್ದ ಹಕ್ಕಿಯನ್ನು ಹುಡುಕಿ ತರಲೇಬೇಕು ಎನ್ನುತ್ತದೆ. ಮೂರೂವರೆ ಇಂಚಿನ ಮೇಲೆ ನನ್ನ ನಿಜವಾದ ತಕರಾರು ಇಲ್ಲಿದೆ: ಆ ತೋಟೆ ಕೈಯಲ್ಲಿದ್ದರೆ ದೂರದ ಹಕ್ಕಿಯೂ ಹತ್ತಿರ ಕಾಣುತ್ತದೆ.

ಪ್ರೇರಿ_ಗೌಡ:
ಸರ್, ಮಾತು ತಟ್ಟಿತು. ಹೋದ ವರ್ಷ ನಾನೇ ದೂರದ ಗುಂಪಿಗೆ ಹೊಡೆದೆ. ಒಂದು ಹಕ್ಕಿ ಕಾಲು ಇಳಿಬಿಟ್ಟುಕೊಂಡು ಪಕ್ಕದ ಸೆಕ್ಷನ್ (ಮೈಲಿ ಚೌಕದ ಹೊಲ) ದಾಟಿ ಹೋಯಿತು. ಕತ್ತಲಾಗುವವರೆಗೆ ಹುಡುಕಿದೆ, ಸಿಗಲಿಲ್ಲ. 835 ಕೆಟ್ಟ ಕೋವಿ ಎಂದು ಈಗಲೂ ಒಪ್ಪುವುದಿಲ್ಲ. ಆದರೆ ಐವತ್ತೈದು ಗಜದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಡಕೋಟಾ_ಬಯಲು:
ಹೊಸಬರೇ, ಯಾವುದೇ ಕೊಂಡರೂ ಮೊದಲು ಕಾಗದಕ್ಕೆ ಹೊಡೆಯಿರಿ. 75 ಸೆಂಟಿಮೀಟರ್ ಅಗಲದ ವೃತ್ತ ಬರೆದು, ಮೂವತ್ತು ಗಜಕ್ಕೊಂದು ಹಾಳೆ, ನಲವತ್ತಕ್ಕೊಂದು. ಒಳಗೆ ಬಿದ್ದ ತೂತು ಎಣಿಸಿ. ಉಕ್ಕಿನ ಚರೆ ಒತ್ತಾಗಿಯೇ ಹೋಗುತ್ತದೆ, ನಳಿಗೆಯ ತುದಿಯನ್ನು ತೀರ ಕಿರಿದಾಗಿಸುವ ಫುಲ್ ಚೋಕ್ ಬೇಡ, ಅದಕ್ಕಿಂತ ಸಡಿಲವಾದ ಮಾಡಿಫೈಡ್‌ನಿಂದ ಶುರು ಮಾಡಿ.

ಸಸ್ಕಟೂನ್_ಎಡಚ:
ಶನಿವಾರ ಅಂಗಡಿಗೆ ಹೋಗಿ ನಾಲ್ಕನ್ನೂ ದಪ್ಪ ಜಾಕೆಟ್ ಹಾಕಿಕೊಂಡೇ ಹೆಗಲಿಗಿಟ್ಟು ನೋಡಿದೆ. ನೋವಾ ಗಟ್ಟಿಮುಟ್ಟು, ಆದರೆ ಅದರ ಬಟ್ಟು ನನ್ನ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ ಎತ್ತಿ, ಕಣ್ಣು ಬಿಟ್ಟಾಗ ನಳಿಗೆಯ ತುದಿಯ ಗುರಿಗುಬ್ಬಿ ನೇರ ಕಂಡದ್ದು ಮಾಸ್‌ಬರ್ಗ್ 500ರಲ್ಲಿ ಮಾತ್ರ. ಅದನ್ನೇ ಕೊಂಡೆ, ಮೂರಿಂಚಿನದು, 28 ಇಂಚಿನ ನಳಿಗೆ.

ನಿನ್ನೆ ಕಾಗದಕ್ಕೆ ಹೊಡೆದೆ, ಬಿಬಿ, ಮಾಡಿಫೈಡ್ ಚೋಕ್. ಮೂವತ್ತು ಗಜದಲ್ಲಿ ವೃತ್ತದೊಳಗೆ 71 ತೂತು. ನಲವತ್ತರಲ್ಲಿ 52, ಅದೂ ಎಡ ಮೂಲೆಯಲ್ಲಿ ಒಂದು ಹಕ್ಕಿ ನುಸುಳುವಷ್ಟು ಖಾಲಿ. ಹೊಲದಲ್ಲಿ ನನ್ನ ಬ್ಲೈಂಡಿನಿಂದ ಮೂವತ್ತೈದು ಗಜ ಅಳೆದು ಕೊನೆಯ ಡಿಕಾಯ್ (ಹಕ್ಕಿಗಳನ್ನು ಸೆಳೆಯುವ ಗೊಂಬೆ) ನೆಡುತ್ತೇನೆ. ಅದರಾಚೆಯ ಹಕ್ಕಿಗೆ ಕೋವಿ ಎತ್ತುವುದಿಲ್ಲ. ಮಾಗಡಿಯವರೇ, ಇದು ನಿಮಗೆ ಕೊಡುವ ಮಾತು.

ಕಾಫಿತೋಟ_ಕೋವಿ:
ಸಂತೋಷ ಆಯ್ತು ತಮ್ಮಾ. ಮ್ಯಾಗಝೀನಿನ (ತೋಟೆ ತುಂಬುವ ಕೊಳವೆ) ಒಳಗೆ ಹೆಚ್ಚು ತೋಟೆ ಹಿಡಿಸದಂತೆ ತಡೆಯುವ ಮರದ ಕಡ್ಡಿ ಇದೆಯಾ ನೋಡು. ಕೋವಿಯಲ್ಲಿ ಒಟ್ಟು ಮೂರೇ ತೋಟೆ ಹಿಡಿಸಬೇಕು. ಇನ್ನು ಹೊರಡುವವರೆಗೆ ದಿನಾ ರಾತ್ರಿ ಖಾಲಿ ಕೋವಿ, ಎರಡು ಸಲ ಖಾತ್ರಿ ಮಾಡಿಕೊಂಡು, ಇಪ್ಪತ್ತು ಬಾರಿ ಹೆಗಲಿಗೆ ಏರಿಸು. ಪಂಪನ್ನು ಪ್ರತಿ ಸಲವೂ ಪೂರ್ತಿ ಹಿಂದಕ್ಕೆ ಎಳಿ. ಗಾಬರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರೆ ಎರಡನೇ ತೋಟೆ ಏರುವುದಿಲ್ಲ.