ಫೋಟೊಗ್ರಫಿ ಕ್ಲಾಸಿಗೆ ಮೊದಲ ಕ್ಯಾಮೆರಾ: 30,000ದೊಳಗೆ ಎಂತ ತಗೊಳ್ಳುವುದು?

ಕಡಲತಡಿ (ಉಡುಪಿ):
ತಂಗಿ ಮಣಿಪಾಲದಲ್ಲಿ ಫೋಟೊಗ್ರಫಿ ಕ್ಲಾಸಿಗೆ ಸೇರುತ್ತಿದ್ದಾಳೆ. ಮ್ಯಾನುವಲ್ ಮೋಡ್, ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಚಿತ್ರ), ಬದಲಿಸಬಹುದಾದ ಲೆನ್ಸ್ ಇಷ್ಟು ಬೇಕೇ ಬೇಕು ಅಂದಿದ್ದಾರೆ. ಕೊನೆಯಲ್ಲಿ ಸ್ಟುಡಿಯೊ ಲೈಟಿಂಗ್ ಕೂಡ ಉಂಟಂತೆ. ಎಲ್ಲ ಸೇರಿ 30,000 ರೂಪಾಯಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾನನ್ 1500ಡಿ, ಕ್ಯಾನನ್ 200ಡಿ, ನಿಕಾನ್ ಡಿ3500 ನೋಡುತ್ತಿದ್ದೇವೆ. ಅವಳಿಗೆ ಯಕ್ಷಗಾನದ ಫೋಟೊ ತೆಗೆಯುವ ಆಸೆ. ಯಾವುದು ಆದೀತು?

ಪಿನ್‌ಹೋಲ್ ಕುಡ್ಲ:
ಮೂರರಲ್ಲೂ 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಸೆನ್ಸರ್ (ಚಿತ್ರ ಹಿಡಿಯುವ ಚಿಪ್‌ನ ಒಂದು ಅಳತೆ). ಚಿತ್ರದ ಗುಣಮಟ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಸ್ಟುಡಿಯೊ ಅಂದಿರಲ್ಲ, ತೀರ್ಮಾನ ಅಲ್ಲೇ ಆಗುತ್ತದೆ. 1500ಡಿಯ ಹಾಟ್ ಶೂನಲ್ಲಿ (ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನಡುವಿನ ಪಿನ್ ಇಲ್ಲ. ಸ್ಟುಡಿಯೊದವರು ಕೊಡುವ ಸಾದಾ ಒಂದೇ ಪಿನ್ನಿನ ಟ್ರಿಗರ್ (ಸ್ಟುಡಿಯೊ ಲೈಟಿಗೆ ಸಿಗ್ನಲ್ ಕಳಿಸುವ ಸಾಧನ) ಅದರ ಮೇಲೆ ಕೂರುತ್ತದೆ, ಆದರೆ ಲೈಟ್ ಹೊಡೆಯುವುದಿಲ್ಲ. 3000ಡಿ, 200ಡಿ ಮಾರ್ಕ್ 2ರದ್ದೂ ಇದೇ ಕಥೆ. ಮೊದಲ 200ಡಿಯಲ್ಲಿ (2017ರದ್ದು) ಪಿನ್ ಉಂಟು, ಹಳೆಯ 1300ಡಿಯಲ್ಲೂ ಉಂಟು. ಹೆಸರು ಹತ್ತಿರ ಹತ್ತಿರ ಇರುವುದರಿಂದ ದುಡ್ಡು ಕೊಡುವ ಮೊದಲು ಶೂ ಕಡೆ ಒಮ್ಮೆ ನೋಡಿಬಿಡಿ.

ನನ್ನ ಓಟು 200ಡಿಗೆ. ತಿರುಗಿಸುವ ಸ್ಕ್ರೀನ್ ಇದೆ, ಮೈಕ್ ಹಾಕುವ ಜಾಗ ಇದೆ. ಉಳಿದೆರಡರಲ್ಲಿ ಅವೆರಡೂ ಇಲ್ಲ.

ತೆಂಕುತಿಟ್ಟು:
ಡಿ3500 ಕೂಡ ಒಳ್ಳೆಯದೇ, ಶೂ ಸರಿ ಇದೆ, ಬ್ಯಾಟರಿಯೂ ತುಂಬ ಹೊತ್ತು ಬರುತ್ತದೆ. ಆದರೆ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಕಡಿಮೆಗೆ ಸಿಗುತ್ತದೆಂದು ಹಳೆಯ 50 ಎಂಎಂ ಎಫ್/1.8ಡಿ ತಂದರೆ ಕೈಯಲ್ಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಎಂದು ಬರೆದದ್ದೇ ತನ್ನಿ, ಅದರಲ್ಲಿ ಮೋಟಾರ್ ಲೆನ್ಸಿನೊಳಗೇ ಇರುತ್ತದೆ. ಕ್ಯಾನನ್‌ಗಾದರೆ 50 ಎಂಎಂ ಎಫ್/1.8 ಎಸ್‌ಟಿಎಂ.

ಯಕ್ಷಗಾನಕ್ಕೆ ಈ ಲೆನ್ಸ್ ಬೇಕೇ ಬೇಕು. ಕಿಟ್ಟಿನ (ಕ್ಯಾಮೆರಾ ಜೊತೆಗೇ ಬರುವ) 18-55 ಲೆನ್ಸ್ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ; ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕು ಹೆಚ್ಚು. ಅಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟು ಚಿತ್ರ ಕಾಳುಕಾಳು) 12800 ಕೇಳುವ ಬೆಳಕಿಗೆ ಎಫ್/2ರಲ್ಲಿ 1600 ಸಾಕು. ಷಟರ್ 1/250 ಸೆಕೆಂಡ್, ದಿಗಿಣ (ಗಿರಕಿ ಹೊಡೆದು ನೆಗೆಯುವ ಕುಣಿತ) ಹಾಕುವಾಗ 1/500. ಎಲ್‌ಇಡಿ ಲೈಟಿನಿಂದ ಚಿತ್ರದಲ್ಲಿ ಪಟ್ಟೆ ಬಂದರೆ 1/100ಕ್ಕೆ ಇಳಿಸಿ, ವೇಷ ಒಂದು ಭಂಗಿಯಲ್ಲಿ ನಿಂತಾಗ ಕ್ಲಿಕ್ ಮಾಡಿ. ಮೊದಲ ತಿಂಗಳಿಗೆ ಕಿಟ್ ಲೆನ್ಸೇ ಸಾಕು, ಎಕ್ಸ್‌ಪೋಷರ್ ಕಲಿಯಲು ಅದಕ್ಕೇನೂ ಕೊರತೆ ಇಲ್ಲ.

ಕಡಲತಡಿ:
ಹಾಗಾದರೆ 200ಡಿ. ತಗೊಳ್ಳುವಾಗ ಎಂತೆಲ್ಲ ನೋಡಬೇಕು? ಷಟರ್ ಕೌಂಟ್ (ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ) ಹೇಗೆ ಗೊತ್ತಾಗುತ್ತದೆ?

ಮಳೆಗಾಲ:
ಷಟರ್ ಕೌಂಟಿಗಿಂತ ಮೊದಲು ಫಂಗಸ್ ನೋಡಿ ಮಾರಾಯ್ರೆ. ಕರಾವಳಿಯಲ್ಲಿ ಬಾಡಿ ಕೈಕೊಡುವ ಮೊದಲೇ ಲೆನ್ಸ್ ಹಾಳಾಗಿರುತ್ತದೆ. ಲೆನ್ಸ್ ಕಳಚಿ, ಒಂದು ತುದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಕ್ಯಾನನ್ ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ಕಳಚಿದಾಗ ತೆರೆದೇ ಇರುತ್ತದೆ. ನಿಕಾನ್ ಕಿಟ್ ಲೆನ್ಸ್ ಆದರೆ ಹಿಂದಿನ ಸಣ್ಣ ಲಿವರ್ ತಳ್ಳಿ ಹಿಡಿಯಬೇಕು, ಇಲ್ಲದಿದ್ದರೆ ಅರ್ಧ ಗಾಜು ಕಾಣುವುದೇ ಇಲ್ಲ. ಒಂದೆರಡು ಧೂಳಿನ ಚುಕ್ಕೆ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂತಹ ಎಳೆ ಕಂಡರೆ ಎದ್ದು ಬನ್ನಿ. ಅದು ಗಾಜಿನ ಕೋಟಿಂಗನ್ನೇ ತಿನ್ನುತ್ತದೆ, ಕಿಟ್ ಲೆನ್ಸನ್ನು ಬಿಚ್ಚಿಸಿ ತೊಳೆಸುವುದು ನಷ್ಟದ ಬಾಬ್ತು.

ಆಮೇಲೆ ಎಫ್/16ರಲ್ಲಿ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ, ಸೆನ್ಸರಿನ ಕೊಳೆ ಕಾಣುತ್ತದೆ. ಷಟರ್ ಕೌಂಟ್ ನಿಕಾನ್‌ನಲ್ಲಿ ಫೋಟೊ ಫೈಲಿನ ಎಕ್ಸಿಫ್‌ನಲ್ಲೇ (ಫೈಲಿನೊಳಗೆ ಅಡಗಿರುವ ಮಾಹಿತಿ) ಸಿಗುತ್ತದೆ. 200ಡಿಗೆ ಯುಎಸ್‌ಬಿ ಕೇಬಲ್, ಲ್ಯಾಪ್‌ಟಾಪ್, ಬೇರೆ ಸಾಫ್ಟ್‌ವೇರ್ ಬೇಕು. ಇಂತಹ ಬಾಡಿಗಳ ಷಟರ್ ಬಾಳಿಕೆ ಸುಮಾರು 1 ಲಕ್ಷ ಕ್ಲಿಕ್, ಹಾಗಾಗಿ 30,000 ಕ್ಲಿಕ್ ಆಗಿದ್ದರೂ ಹೆದರಬೇಡಿ.

30,000 ರೂಪಾಯಿಯಲ್ಲಿ ಒಂದೆರಡು ಸಾವಿರ ಬೇರೆ ತೆಗೆದಿಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ (ತೇವ ಹೀರುವ ಹರಳು), ಸಣ್ಣ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ಬೇಕು. ಒಳಗೆ ತೇವಾಂಶ ಶೇ. 40ರಿಂದ 50 ಇರಲಿ. ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಕಪಾಟು ಮುಚ್ಚಿದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಫಂಗಸ್ ಗ್ಯಾರಂಟಿ ಅನ್ನಿ. ಮಲ್ಪೆಗೆ ಹೋದರೆ ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ, ಮನೆಗೆ ಬಂದು ಬಾಡಿಯನ್ನು ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ ಉಪ್ಪು ತೆಗೆಯಿರಿ. ಜೆಲ್ ನೀಲಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದಿದೆ ಎಂದರ್ಥ, ಸುಮಾರು 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಆ ನೀಲಿ ಕೋಬಾಲ್ಟ್ ಕ್ಲೋರೈಡ್‌ನದ್ದು, ವಿಷ. ಕಿತ್ತಳೆ ಬಣ್ಣದ ಜೆಲ್ ಸಿಕ್ಕಿದರೆ ಅದನ್ನೇ ತನ್ನಿ.